ಮಾಸ್ ಕಮ್ಯುನಿಕೇಶನ್ ಓದಿದ್ರೆ ಮುಂದೇನು?

(ದೃಶ್ಯ: ಎಗ್ಮೋರ್ ರೈಲು ನಿಲ್ದಾಣದ ಕೆಂಪು ಕಟ್ಟಡ)
ಮಾಸ್ ಕಮ್ಯುನಿಕೇಶನ್ ಓದಿದ್ರೆ ಟೀವಿ ಆ್ಯಂಕರ್ ಮಾತ್ರ ಆಗೋದು ಅಂದ್ಕೊಂಡಿದ್ದೀರಾ? ಹಾಗಾದ್ರೆ ಚೆನ್ನೈನ ಎಗ್ಮೋರ್‌ಗೆ ಬನ್ನಿ.

(ದೃಶ್ಯ: ಪ್ಯಾಂಥಿಯನ್ ರಸ್ತೆ, ಗ್ರಂಥಾಲಯ)
1896ರಲ್ಲಿ ಬಾಗಿಲು ತೆರೆದ ಕನ್ನೆಮರಾ ಗ್ರಂಥಾಲಯ ಇದು. 1954ರ ಕಾಯ್ದೆ ಪ್ರಕಾರ ದೇಶದಲ್ಲಿ ಅಚ್ಚಾಗೋ ಪುಸ್ತಕ, ಪತ್ರಿಕೆಗಳ ಒಂದೊಂದು ಪ್ರತಿ ಇಲ್ಲಿಗೂ ಬರಬೇಕು. ಒಂದೇ ಸುದ್ದೀನ ನಾಲ್ಕು ಪತ್ರಿಕೆ ಹೇಗೆ ಬರೆದಿವೆ ಅಂತ ಹೋಲಿಸಿ ನೋಡಿ. ಈ ಓದು ಶುರುವಾಗೋದೇ ಅಲ್ಲಿಂದ.

(ದೃಶ್ಯ: ಕ್ಯಾಮೆರಾ, ಎಡಿಟಿಂಗ್ ಟೇಬಲ್)
ಪದವೀಲಿ ವರದಿಗಾರಿಕೆ, ಸಂಪಾದನೆ, ಕ್ಯಾಮೆರಾ, ಜಾಹೀರಾತು, ಮಾಧ್ಯಮ ಕಾನೂನು ಕಲೀತೀರಿ.

ಕೆಲಸ ಎಲ್ಲಿ? ಪತ್ರಿಕೆ, ಟೀವೀಲಿ ವರದಿಗಾರ, ಉಪಸಂಪಾದಕ. ಜಾಹೀರಾತು ಏಜೆನ್ಸೀಲಿ ಕಾಪಿರೈಟರ್. ಆಸ್ಪತ್ರೆ, ಬ್ಯಾಂಕು, ಐಟಿ ಕಂಪನೀಲಿ ಪಿಆರ್, ಅಂದ್ರೆ ಸಾರ್ವಜನಿಕ ಸಂಪರ್ಕ. ಸರ್ಕಾರದ ವಾರ್ತಾ ಇಲಾಖೆ. ರೇಡಿಯೋ, ಪಾಡ್‌ಕಾಸ್ಟ್, ಸಬ್‌ಟೈಟಲ್, ಡಬ್ಬಿಂಗ್. ಕನ್ನಡದ ಜೊತೆ ತಮಿಳು, ಇಂಗ್ಲಿಷೂ ಬಂದ್ರೆ ಇನ್ನೂ ನಾಲ್ಕು ಬಾಗಿಲು ತೆರೆಯುತ್ತೆ.

ಬೇರೆ ಡಿಗ್ರಿ ಮಾಡಿದೀರಾ? ಚಿಂತೆ ಬೇಡ. 1994ರಲ್ಲಿ ಬೆಂಗಳೂರಲ್ಲಿ ಹುಟ್ಟಿ 2000ದಲ್ಲಿ ಚೆನ್ನೈಗೆ ಬಂದ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ, ಯಾವುದೇ ಪದವೀಧರರಿಗೂ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತೆ. ಅದಕ್ಕೆ ಪ್ರವೇಶ ಪರೀಕ್ಷೆ ಇರುತ್ತೆ.

(ದೃಶ್ಯ: ವಿದ್ಯಾರ್ಥಿಗಳು, ಕಾಲೇಜ್ ಗೇಟು)
ಫೀಸ್ ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಸ್ಟುಡಿಯೋ ವಿದ್ಯಾರ್ಥಿಗಳ ಕೈಗೆ ಸಿಗುತ್ತಾ? ಇಂಟರ್ನ್‌ಶಿಪ್ ಎಲ್ಲಿ? ಕಲಿಸೋರು ಸುದ್ದಿಮನೇಲಿ ದುಡಿದಿದ್ದಾರಾ?

ಇನ್ನೊಂದು ಮಾತು. ಇಂಟರ್‌ವ್ಯೂನಲ್ಲಿ ಅಂಕಪಟ್ಟಿಗಿಂತ ಮೊದಲು ನೋಡೋದು ನೀವು ಮಾಡಿದ ಕೆಲಸಾನ. ಹಾಗಾಗಿ ಮೊದಲ ವರ್ಷದಿಂದಲೇ ಬರೆಯಿರಿ, ಶೂಟ್ ಮಾಡಿ, ಎಲ್ಲಾನೂ ಜೋಪಾನವಾಗಿ ಇಟ್ಕೊಳ್ಳಿ.