ಮನೆಯ ತಂತಿಗೆ ಲೋಕದ ನಿಯಮವೇಕೆ?

ಹರಿಹರದ ಬಳಿಯ ಸಾರಥಿಯಲ್ಲಿ ಹೊಸದಾಗಿ ಕಟ್ಟಿದ ಮನೆಯೊಂದರ ವೈರಿಂಗನ್ನು ನೋಡುವ ಸಂದರ್ಭ ನನಗೆ ಒದಗಿತು. ಮೂರು ಫೇಸುಗಳ ಸಂಪರ್ಕ. ನಮ್ಮಲ್ಲಿ ರೂಢಿಯಿರುವಂತೆ ಕೆಂಪು, ಹಳದಿ, ನೀಲಿ ತಂತಿಗಳು ಫೇಸಿಗೆ, ಕಪ್ಪು ನ್ಯೂಟ್ರಲಿಗೆ. ಆದರೆ ಅಲ್ಲಿಗೆ ತಂದಿದ್ದ ನೀರು ಕಾಯಿಸುವ ಯಂತ್ರದಲ್ಲಿ ನೀಲಿಯೇ ನ್ಯೂಟ್ರಲ್! ಅಂತರರಾಷ್ಟ್ರೀಯ ನಿಯಮದಂತೆ ಅದೇ ಸರಿ. ಬ್ರಿಟನ್ನಿನವರು ಸಹ 2004ರಲ್ಲಿ ತಮ್ಮ ಹಳೆಯ ಬಣ್ಣಗಳನ್ನು ಬಿಟ್ಟು ಅದನ್ನೇ ಅಂಗೀಕರಿಸಿದರು. ಒಂದೇ ಬಣ್ಣಕ್ಕೆ ಗೋಡೆಯೊಳಗೆ ಒಂದು ಅರ್ಥ, ಯಂತ್ರದಲ್ಲಿ ಇನ್ನೊಂದು ಅರ್ಥವಾದರೆ, ನೀಲಿಗೆ ನೀಲಿಯನ್ನು ಕಟ್ಟುವ ಕೆಲಸಗಾರನ ಗತಿಯೇನು?

ಲೋಕಕ್ಕೆಲ್ಲ ಒಂದು ನಿಯಮವೆಂಬ ಆಸೆ ಹೊಸದಲ್ಲ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1906ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಲಾರ್ಡ್ ಕೆಲ್ವಿನ್ ಅದರ ಪ್ರಥಮ ಅಧ್ಯಕ್ಷರು. ಅದಕ್ಕೆ ನಾಲ್ಕು ವರ್ಷ ಮೊದಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದಾಗಿದ್ದಿತು. ಕೊನೆಗೆ ದೇಶದಲ್ಲಿ ನೆಲೆನಿಂತದ್ದು 50. ಆವರ್ತಸಂಖ್ಯೆ ಬೇರೆಯಾದ ಎರಡು ಜಾಲಗಳನ್ನು ನೇರವಾಗಿ ಜೋಡಿಸಲು ಬಾರದು.

ಹಾಗೆಂದು ಎಲ್ಲವೂ ಒಂದೇ ಆಗಬೇಕೆ? ಆಯೋಗವು 1986ರಲ್ಲಿ ಲೋಕಕ್ಕೆಲ್ಲ ಒಂದೇ ಪ್ಲಗ್ಗಿನ ಆಕಾರವನ್ನು ಸೂಚಿಸಿತು. ಅದನ್ನು ಕೈಗೆತ್ತಿಕೊಂಡ ದೇಶಗಳಲ್ಲಿ ಬ್ರೆಜಿಲ್, ದಕ್ಷಿಣ ಆಫ್ರಿಕಗಳೇ ಮುಖ್ಯ. ನಮ್ಮ ದುಂಡುಕಡ್ಡಿಯ ಮೂರು ಪಿನ್ನಿನ ಪ್ಲಗ್ಗು ಬ್ರಿಟಿಷರ 1934ರ ಮಾದರಿಯ ಸಂತತಿ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಆಕಾರದ ಐಕ್ಯಕ್ಕಾಗಿ ಮನೆಮನೆಯ ಸಾಕೆಟ್ಟುಗಳನ್ನು ಕೀಳುವುದು ನನ್ನ ಮಟ್ಟಿಗೆ ವ್ಯರ್ಥ. (ಎಲ್ಲ ಪ್ಲಗ್ಗುಗಳನ್ನೂ ನುಂಗುವ ಸಡಿಲ ಸಾಕೆಟ್ಟು ಮಾತ್ರ ಬೇಡ, ಸಡಿಲ ಸ್ಪರ್ಶವು ಬಿಸಿಯೇರುತ್ತದೆ.)

ದೇಹದ ವಿಷಯ ಬೇರೆ. ಬ್ರೆಜಿಲ್ಲಿನವನ ಹೃದಯಕ್ಕೂ ಸಾರಥಿಯವನ ಹೃದಯಕ್ಕೂ ವಿದ್ಯುತ್ತು ಭೇದವೆಣಿಸದು. ಇಸ್ತ್ರಿಪೆಟ್ಟಿಗೆಯ ಲೋಹಕ್ಕೆ ಫೇಸಿನ ತಂತಿ ತಗುಲಿತೆನ್ನೋಣ. ಭೂಸಂಪರ್ಕ ಉಂಟು, ಫ್ಯೂಸು ಹೋಗುತ್ತದೆ, ಎಂದು ನಾವು ನಂಬಿರುತ್ತೇವೆ. ಲೆಕ್ಕ ಹಾಕಿ ನೋಡಿ. ಉಪ್ಪು, ಇದ್ದಲು ತುಂಬಿದ ಗುಂಡಿಯ ಮಣ್ಣು ಬೇಸಗೆಯಲ್ಲಿ ಒಣಗಿ, ಭೂಸಂಪರ್ಕದ ರೋಧ 20 ಓಮ್ ಆಗಿದ್ದರೆ, 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಫ್ಯೂಸು ಸುಮ್ಮನೆ ಕುಳಿತಿರುತ್ತದೆ. ಪೆಟ್ಟಿಗೆಯು ಅಪಾಯಕರವಾಗಿಯೇ ಉಳಿಯುತ್ತದೆ! ಒದ್ದೆ ಕೈಯ ಮೂಲಕ ದೇಹದ ರೋಧ ಸುಮಾರು 1000 ಓಮ್ ಎಂದರೆ, ಮುಟ್ಟಿದವನಲ್ಲಿ 200 ಮಿಲಿಆಂಪಿಯರಿಗೂ ಮೀರಿ ಹರಿಯಬಹುದು. ಅದರ ಭಾಗವೊಂದೇ ಪ್ರಾಣಾಂತಿಕ.

ಇದಕ್ಕಾಗಿಯೇ ಆರ್‌ಸಿಸಿಬಿ ಎಂಬ ಸ್ವಿಚ್ಚು. ಹೋದ ವಿದ್ಯುತ್ತನ್ನೂ ಮರಳಿದ ವಿದ್ಯುತ್ತನ್ನೂ ಅದು ತೂಗುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕ್ಷಣಾರ್ಧದೊಳಗೆ ಸಂಪರ್ಕವನ್ನು ಕಡಿಯುತ್ತದೆ. ಮಾನವದೇಹದ ಮೇಲೆ ವಿದ್ಯುತ್ತಿನ ಪರಿಣಾಮವನ್ನು ಹಲವು ದೇಶಗಳವರು ಅಳೆದು ತಿಳಿದದ್ದರ ಫಲವೇ ಈ ಮಿತಿ. ಇಂತಹ ಅರಿವನ್ನು ಪ್ರತಿಯೊಂದು ದೇಶವೂ ಪ್ರತ್ಯೇಕವಾಗಿ ಸಾವುಗಳಿಂದಲೇ ಕಲಿಯಬೇಕಿಲ್ಲವಷ್ಟೆ.

ಸಾರಥಿಯ ಆ ಮನೆಯಲ್ಲಿ ಫೇಸಾದ ನೀಲಿ ತಂತಿಯ ತುದಿಗಳಿಗೆಲ್ಲ ಕೆಂಪು ಪಟ್ಟಿ ಸುತ್ತಿ ಗುರುತಿಟ್ಟರು, ಸ್ವಿಚ್ಚನ್ನೂ ಹಾಕಿಸಿದರು. ಅದರ ಮೇಲಣ ಪರೀಕ್ಷೆಯ ಗುಂಡಿಯನ್ನು ಮನೆಯ ಹಿರಿಯಮ್ಮನವರಿಂದಲೇ ಒತ್ತಿಸಿದೆವು. ಟಕ್ಕೆಂದು ದೀಪಗಳೆಲ್ಲ ಆರಿದವು. “ಕೆಟ್ಟುಹೋಯಿತೇನಪ್ಪಾ?” ಎಂದರು ಅವರು.