ಅಂಗಡಿ ಕ್ಯಾಮೆರಾ ಮೊಬೈಲ್‌ನಲ್ಲಿ ನೋಡ್ತೀರಾ? ಬೇರೆಯವರೂ ನೋಡ್ತಿರಬಹುದು!

ಬೆಂಗಳೂರು: ರಾಜಾಜಿನಗರ, ವಿಜಯನಗರದಿಂದ ಹಿಡಿದು ಕೆಂಗೇರಿವರೆಗೆ ಈಗ ಅಂಗಡಿ, ಮನೆ ಎಲ್ಲ ಕಡೆ ಸಿಸಿಟಿವಿ. ಊರಿಗೆ ಹೋದಾಗಲೂ ಗಲ್ಲಾ ಮೊಬೈಲ್‌ನಲ್ಲೇ ಕಾಣಲಿ ಅಂತ ಕ್ಯಾಮೆರಾ ಹಾಕುವವರು ವೈಫೈ ರೂಟರ್‌ನಲ್ಲಿ ಒಂದು ದಾರಿ ತೆರೆದು ಕೊಡುವುದುಂಟು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅಂತಾರೆ. ನಿಮಗಾಗಿ ತೆರೆದ ಆ ಬಾಗಿಲು ಇಡೀ ಪ್ರಪಂಚಕ್ಕೂ ತೆರೆದಿರುತ್ತೆ. ಆಮೇಲೆ ತಡೆಯೋಕೆ ಉಳಿಯೋದು ಪಾಸ್‌ವರ್ಡ್ ಒಂದೇ.

‘ನಮ್ಮ ಚಿಕ್ಕ ಅಂಗಡಿ ಹುಡುಕ್ಕೊಂಡು ಯಾರು ಬರ್ತಾರೆ ಬಿಡಿ’ ಅನ್ನೋರೇ ಹೆಚ್ಚು. ಆದರೆ ಹುಡುಕೋದು ಮನುಷ್ಯರಲ್ಲ, ಪ್ರೋಗ್ರಾಂಗಳು. ಒಂದೇ ಕಂಪ್ಯೂಟರ್‌ನಿಂದ ಇಡೀ ಇಂಟರ್ನೆಟ್‌ನ ಐಪಿವಿ4 ವಿಳಾಸಗಳನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದು ಅಂತ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದಾರೆ. 2016ರಲ್ಲಿ ‘ಮಿರಾಯ್’ ಎಂಬ ವೈರಸ್, ಕಂಪನಿಯಿಂದ ಬಂದಾಗ ಇರುವಂಥ 60ಕ್ಕೂ ಹೆಚ್ಚು ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಹಾಕಿ ಹಾಕಿ ನೋಡಿಯೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತ್ತು. ನಮ್ಮ ದೇಶದಲ್ಲೂ ಆಗಿದೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಸಿಸಿಟಿವಿ ದೃಶ್ಯಗಳು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದಿದ್ದವು.

ಹಾಗಾದರೆ ಏನು ಮಾಡಬೇಕು?

1. ರೂಟರ್, ಡಿವಿಆರ್ ಎರಡರ ಪಾಸ್‌ವರ್ಡನ್ನೂ ಇವತ್ತೇ ಬದಲಿಸಿ. ಅಂಗಡಿ ಹೆಸರು, ಮೊಬೈಲ್ ನಂಬರ್ ಬೇಡ. ಕನಿಷ್ಠ 12 ಅಕ್ಷರ ಇರಲಿ.

2. ರೂಟರ್‌ನ ರಿಮೋಟ್ ಮ್ಯಾನೇಜ್‌ಮೆಂಟ್, ಪೋರ್ಟ್ ಫಾರ್ವರ್ಡಿಂಗ್, ಯುಪಿಎನ್‌ಪಿ ಮೂರನ್ನೂ ಆಫ್ ಮಾಡಿಸಿ. ‘ಪೋರ್ಟ್ ನಂಬರ್ ಬದಲಾಯಿಸಿದ್ರೆ ಸಾಕು ಸಾರ್’ ಅಂದರೆ ನಂಬಬೇಡಿ. ಇರೋದೇ 65,535 ಪೋರ್ಟ್. ಅಷ್ಟನ್ನೂ ತಟ್ಟೋದು ಪ್ರೋಗ್ರಾಂಗೆ ದೊಡ್ಡ ಕೆಲಸವಲ್ಲ.

3. ಹೊರಗಿಂದ ನೋಡಲೇಬೇಕಾದರೆ ವಿಪಿಎನ್ ಹಾಕಿಸಿ. ‘ವೈರ್‌ಗಾರ್ಡ್’ ಎಂಬ ಉಚಿತ ವಿಪಿಎನ್ ಇದೆ. ಸರಿಯಾದ ಕೀ ಇರುವ ಮೊಬೈಲ್‌ಗೆ ಮಾತ್ರ ಅದು ಉತ್ತರ ಕೊಡುತ್ತೆ. ಬೇರೆಯವರು ಎಷ್ಟೇ ತಟ್ಟಿದರೂ ಸುಮ್ಮನಿರುತ್ತೆ. ನಿಮ್ಮ ರೂಟರ್‌ನಲ್ಲಿ ವಿಪಿಎನ್ ಸೌಲಭ್ಯ ಇಲ್ಲದಿದ್ದರೆ ಕ್ಯಾಮೆರಾ ಕಂಪನಿಯ ಆ್ಯಪ್ ಬಳಸಿ, ಲಾಗಿನ್‌ಗೆ ಒಟಿಪಿ ಕೇಳುವಂತೆ ಮಾಡಿಕೊಳ್ಳಿ.

4. ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಲಾಕ್ ಆಗುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಅಪ್‌ಡೇಟ್ ಬಂದಾಗ ಮುಂದೂಡಬೇಡಿ.

ಯಾರೋ ಒಳಗೆ ನುಗ್ಗಿದ್ದಾರೆ ಅಂತ ಅನುಮಾನ ಬಂದರೆ ಮೊದಲು ಡಿವಿಆರ್‌ನ ಇಂಟರ್ನೆಟ್ ಕೇಬಲ್ ತೆಗೆಯಿರಿ. ರೆಕಾರ್ಡಿಂಗ್ ನಡೀತಾನೇ ಇರುತ್ತೆ, ಹೊರಗಿನವರಿಗೆ ಕಾಣೋದಿಲ್ಲ. ದೃಶ್ಯ ಹೊರಗೆ ಹೋಗಿದ್ದರೆ ಅಥವಾ ಯಾರಾದರೂ ದುಡ್ಡು ಕೇಳಿದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.