ನೀಲವು ಲೈಲಾಕ್ ಆದ ಬಗೆ

ಜವಳಿಯಂಗಡಿಗಳಲ್ಲಿ ತಿಳಿನೇರಳೆ ಬಣ್ಣದ ಸೀರೆಗೆ ‘ಲೈಲಾಕ್’ ಎಂಬ ಹೆಸರುಂಟು. ನಮ್ಮಲ್ಲಿ ಗುಲಾಬಿಯ ಹೆಸರು ಬಣ್ಣಕ್ಕೂ ಸಂದಂತೆ, ಆಂಗ್ಲಭಾಷೆಯ ಈ ವರ್ಣನಾಮವೂ ಒಂದು ಹೂವಿನಿಂದ ಬಂದುದು. ಲೈಲಾಕ್ ಗಿಡದ ತವರು ಐರೋಪ್ಯಖಂಡದ ಆಗ್ನೇಯದಲ್ಲಿರುವ ಬಾಲ್ಕನ್ ಸೀಮೆ. ನಾಲ್ಕೆಸಳಿನ ಸಣ್ಣ ಹೂಗಳು ಗೊಂಚಲುಗೊಂಚಲಾಗಿ ಅರಳಿ ಕಂಪನ್ನು ಬೀರುವುವು. ಸಸ್ಯಶಾಸ್ತ್ರಜ್ಞರು ಇದನ್ನು ನಮ್ಮ ಮಲ್ಲಿಗೆ ಪಾರಿಜಾತಗಳ ಕುಟುಂಬಕ್ಕೇ ಸೇರಿಸಿರುವರು.

ಸಂಸ್ಕೃತವನ್ನು ಬಲ್ಲವರಿಗೆ ಈ ಶಬ್ದವು ಕಿವಿಗೆ ಬಿದ್ದೊಡನೆ ‘ಲೀಲಾ’ ನೆನಪಾಗುವುದು ಸಹಜ. ವಸಂತದಲ್ಲಿ ಲೀಲೆಯಿಂದ ಅರಳುವುದಾದಕಾರಣ ಲೈಲಾಕ್ ಎಂದು ವ್ಯುತ್ಪತ್ತಿ ಹೇಳಿದರೆ ಕೇಳಿದವರು ತಲೆದೂಗಿಯಾರು. ಇಂತಹ ವ್ಯುತ್ಪತ್ತಿಗಳನ್ನು ಪಾಠಶಾಲೆಯಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ. ಆದರೆ ಇದು ನಿಜವಲ್ಲ. ಶಬ್ದದ ಮೂಲವೇನೋ ಸಂಸ್ಕೃತದಲ್ಲಿಯೇ ಇದೆ. ಅದು ‘ಲೀಲಾ’ ಅಲ್ಲ, ‘ನೀಲ’.

ನೀಲಶಬ್ದವು ಪಾರಸಿಗೆ ಹೋಗಿ ‘ನೀಲ್’ ಆಯಿತು. ಅಲ್ಲಿ ಅಲ್ಪಾರ್ಥವನ್ನು ಸೂಚಿಸುವ ‘ಅಕ್’ ಪ್ರತ್ಯಯವು ಸೇರಿ ‘ನೀಲಕ್’, ಎಂದರೆ ನಸುನೀಲಿ, ಎಂದಾಯಿತು. ಸಂಸ್ಕೃತದಲ್ಲಿಯೂ ಚಿಕ್ಕ ಮರವನ್ನು ‘ವೃಕ್ಷಕ’ ಎನ್ನುವರಷ್ಟೆ. ಬಳಿಕ ನಡುವಣ ಲಕಾರದ ಸೆಳೆತಕ್ಕೆ ಮೊದಲ ನಕಾರವೂ ಲಕಾರವಾಗಿ ‘ಲೀಲಕ್’ ಎಂಬ ರೂಪವು ಹುಟ್ಟಿತು. ನಿಂಬೆಯನ್ನು ಲಿಂಬೆಯೆಂದೂ ಕರೆಯುವ ನಮಗೆ ಇದರಲ್ಲಿ ಅಚ್ಚರಿಯೇನಿದೆ? ಈ ಶಬ್ದವು ಅರಬ್ಬಿಯನ್ನೂ ಫ್ರೆಂಚ್ ಭಾಷೆಯನ್ನೂ ಹಾದು ಆಂಗ್ಲಭಾಷೆಯನ್ನು ಸೇರಿತು.

ಗಿಡವಾದರೋ 16ನೆಯ ಶತಮಾನದಲ್ಲಿ ತುರ್ಕರ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್ ನಗರದ ತೋಟಗಳಿಂದ ಪಶ್ಚಿಮದ ದೇಶಗಳಿಗೆ ಹೋಯಿತು. ಫ್ರಾನ್ಸಿಸ್ ಬೇಕನ್ 1625ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಉದ್ಯಾನಗಳನ್ನು ಕುರಿತು ಬರೆಯುತ್ತ, ಏಪ್ರಿಲ್ ತಿಂಗಳ ಸೊಬಗಿನ ಗಿಡಮರಗಳಲ್ಲಿ ಲೈಲಾಕನ್ನೂ ಹೆಸರಿಸಿದ್ದಾನೆ. ಆಗ ಅದು ಗಿಡದ ಹೆಸರು ಮಾತ್ರ. 18ನೆಯ ಶತಮಾನದ ಕೊನೆಯ ವೇಳೆಗೆ ಹೂವಿನ ಹೆಸರು ಬಣ್ಣಕ್ಕೂ ನಿಂತಿತು. ಹೀಗೆ ಬಣ್ಣವಾಗಿ ಹೊರಟ ಶಬ್ದವು ಹೂವಾಗಿ, ಮತ್ತೆ ಬಣ್ಣವೇ ಆಯಿತು; ಆದರೆ ಹೊರಟಾಗ ಕಡುನೀಲಿ, ಸೇರಿದಾಗ ತಿಳಿನೇರಳೆ.

ಆದುದರಿಂದ ಲೈಲಾಕ್ ಪೂರ್ತಿಯಾಗಿ ನಮ್ಮದೆಂದು ಬೀಗುವುದು ಸಲ್ಲದು. ಅನ್ಯವೆಂದು ತಳ್ಳುವುದೂ ಸಲ್ಲದು. ಪ್ರಕೃತಿ ನಮ್ಮದು, ಪ್ರತ್ಯಯ ಪಾರಸಿಕರದು, ಹೂವು ಬಾಲ್ಕನ್ನರದು. ಮನೆಯ ಮಕ್ಕಳು ಒಂದು ಶಬ್ದದ ಹುಟ್ಟನ್ನು ಕೇಳಿದರೆ, ಹಿರಿಯರು ಕಿವಿಗೆ ಇಂಪಾದ ಉತ್ತರವನ್ನು ಕಟ್ಟದೆ, ಅದು ನಡೆದುಬಂದ ಹಾದಿಯನ್ನು ವಿಚಾರಿಸುವುದು ಲೇಸು. ನಾದಸಾಮ್ಯವನ್ನೇ ನೆಚ್ಚಿ ಲೀಲೆಯನ್ನು ಹಿಡಿದಿದ್ದರೆ, ನಮ್ಮದೇ ಆದ ನೀಲವು ನಮಗೆ ಕಾಣದೆ ಹೋಗುತ್ತಿತ್ತು.